ಮೇವಿಗೆ ಹೋಗದ ಆರು ಹೆಬ್ಬಾತುಗಳು

ನಾನು ಒಂದು ಕ್ಯಾಮೆರಾ. ಮದುವೆಮನೆಯಲ್ಲಿ ಯಾರದೋ ಕೊರಳಿಗೆ ಜೋತುಬಿದ್ದು ಬೀಗರನ್ನೆಲ್ಲ ನಗಿಸುವ ಕ್ಯಾಮೆರಾ ಅಲ್ಲ. ಮರಕ್ಕೋ ಕಂಬಕ್ಕೋ ಪಟ್ಟಿ ಬಿಗಿದು, ನೋಡುತ್ತಿರು ಎಂದು ಬಿಟ್ಟುಹೋಗುವ ಜಾತಿ ನಮ್ಮದು. ಮೈ ಒಣಗಿದ ತೊಗಟೆಯ ಬಣ್ಣ. ಗಾತ್ರ ಅರ್ಧ ಇಟ್ಟಿಗೆಯಷ್ಟು. ಒಂದೇ ಕಣ್ಣು. ಕಣ್ಣಿನ ಕೆಳಗೆ ಸೂಜಿಯ ಮೊನೆಯಷ್ಟು ತೂತು, ಅದು ಕಿವಿ. ಎದುರಿಗೆ ಏನಾದರೂ ಅಲುಗಿದರೆ ಚಿತ್ರ ತೆಗೆಯುತ್ತೇನೆ. ಏನೂ ಅಲುಗದಿದ್ದರೂ ಅರ್ಧ ಗಂಟೆಗೊಮ್ಮೆ ತೆಗೆಯುತ್ತೇನೆ. ಬಾಯಿಯೊಂದನ್ನು ಮಾತ್ರ ನನಗೆ ಇಟ್ಟಿಲ್ಲ. ಈ ಕಥೆಯ ಸಂಕಟವೆಲ್ಲ ಅಲ್ಲೇ ಇದೆ.

ಹುಟ್ಟಿದ ಊರು ಯಾವುದೋ ಸರಿಯಾಗಿ ನೆನಪಿಲ್ಲ. ಕಣ್ಣು ಬಿಟ್ಟಾಗ ಎದುರಿಗೆ ಕಂಡದ್ದು ಕಪ್ಪು ಬಿಳಿ ಚೌಕಗಳ ಒಂದು ಹಾಳೆ. ಹಾಳೆಯ ಹಿಂದೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡ ಒಬ್ಬ ಹೆಂಗಸು. ಚೌಕಗಳನ್ನು ನಾನು ಚೌಕಗಳಾಗಿಯೇ ತೋರಿಸಿದೆನೆಂದು ಅವಳು ನನ್ನ ಬೆನ್ನಿಗೆ ಒಂದು ಚೀಟಿ ಅಂಟಿಸಿದಳು. ಕಂಡದ್ದನ್ನು ಕಂಡ ಹಾಗೆ ತೋರಿಸಿದರೆ ಸಾಕು, ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದು ಅವತ್ತು ತಿಳಿದುಕೊಂಡೆ. ಎಳೆಯ ಬುದ್ಧಿ ನೋಡಿ.

ಮೊದಲು ನನ್ನನ್ನು ಕೊಂಡವರು ಕುಷ್ಟಗಿ ಕಡೆಯ ದಾಳಿಂಬೆ ತೋಟದ ವಿರೂಪಣ್ಣ. ಹಣ್ಣು ಕಡಿಮೆಯಾಗುತ್ತಿದ್ದವು, ಕಳ್ಳರು ಯಾರೆಂದು ಅವರಿಗೆ ತಿಳಿಯಬೇಕಿತ್ತು. ನನ್ನನ್ನು ಬೇವಿನ ಮರಕ್ಕೆ ಕಟ್ಟಿದರು. ಎಂಟನೆಯ ದಿನ ನನ್ನೆದುರಿಗೆ ಬಂದವಳು ಹುಲಿಗೆವ್ವ ಎಂಬ ಕೂಲಿ ಹೆಂಗಸು. ಅವಳ ಕೈ ಹಣ್ಣಿನ ಮೇಲಿತ್ತು, ಸೆರಗು ತುಂಬಿತ್ತು. ಅವಳು ಕೀಳುತ್ತಿದ್ದದ್ದು ಕಪ್ಪು ಚುಕ್ಕೆ ಬಿದ್ದು ಸೀಳಿದ ಹಣ್ಣು. ರೋಗ ಬೇರೆ ಗಿಡಕ್ಕೆ ಹತ್ತಬಾರದೆಂದು ಒಯ್ದು ಹೂಳುತ್ತಿದ್ದಳು. ಗುದ್ದಲಿಯ ಸದ್ದು ನನಗೆ ಕೇಳಿಸುತ್ತಿತ್ತು. ಗುಂಡಿ ಮಾತ್ರ ನನ್ನ ಚೌಕಟ್ಟಿನಿಂದ ಆಚೆಗಿತ್ತು.

ವಿರೂಪಣ್ಣ ಚಿತ್ರ ನೋಡಿದರು. ಕಣ್ಣಾರೆ ಕಂಡದ್ದಕ್ಕೆ ಮತ್ತೇನು ವಿಚಾರಣೆ ಎಂದರು. ಹುಲಿಗೆವ್ವ ಮರುದಿನದಿಂದ ಬರಲಿಲ್ಲ. ಮುಂದಿನ ತಿಂಗಳು ಹಣ್ಣು ಕೊರೆಯುತ್ತಿದ್ದ ಅಳಿಲುಗಳೂ ಗಿಳಿಗಳೂ ನನ್ನ ಕಣ್ಣಿಗೇ ಸಿಕ್ಕವು. ವಿರೂಪಣ್ಣ ಆ ಚಿತ್ರಗಳನ್ನೂ ನೋಡಿದರು, ಸುಮ್ಮನಾದರು. ಆ ಹೆಂಗಸನ್ನು ಯಾರೂ ಮತ್ತೆ ಕರೆಯಲಿಲ್ಲ. ನಾನು ತೋರಿಸಿದ್ದರಲ್ಲಿ ಸುಳ್ಳು ಒಂದು ಎಳ್ಳಿನಷ್ಟೂ ಇರಲಿಲ್ಲ. ಆದರೂ ಅವಳ ಕೂಲಿ ಹೋಗಿತ್ತು. ಅವತ್ತಿನಿಂದ ಚಿತ್ರ ತೆಗೆದಾಗಲೆಲ್ಲ ನನಗೆ ಒಳಗೊಳಗೇ ಅಳುಕು.

ಅಲ್ಲಿಂದ ಎರಡನೆಯ ಕೈಗೆ ಬಂದೆ. ಧಾರವಾಡದಲ್ಲಿ ಹಕ್ಕಿಗಳ ಬಗ್ಗೆ ಓದುತ್ತಿದ್ದ ವಿಭಾ ಎಂಬ ಹೆಣ್ಣುಮಗಳು ನನ್ನನ್ನು ಕೊಂಡಳು. ಹೊಟ್ಟೆಯೊಳಗೆ ಒಂದು ಸಿಮ್ ಕಾರ್ಡ್ ಹಾಕಿ, ಗದಗ ಸೀಮೆಯ ಹುಲ್ಲಿನಾಳ ಕೆರೆಗೆ ತಂದು ಒಂದು ಕಬ್ಬಿಣದ ಕಂಬಕ್ಕೆ ಬಿಗಿದಳು. ಇಲ್ಲಿ ಕಳ್ಳರಿಲ್ಲ, ಹಕ್ಕಿ ಮಾತ್ರ ಎಂದು ತಿಳಿದಾಗ ಎಷ್ಟು ಹಗುರಾದೆನೆಂದು ಹೇಳಲಾರೆ. ಹಕ್ಕಿಯ ಮೇಲೆ ಯಾರು ಏನು ಆರೋಪ ಹೊರಿಸಿಯಾರು?

ನನ್ನ ಚೌಕಟ್ಟನ್ನು ನಿಮಗೆ ಹೇಳಿಬಿಡುತ್ತೇನೆ. ಎಡ ಅಂಚಿನಲ್ಲಿ ಒಂದು ಕೋಳಿಗೂಡು, ಅದಕ್ಕೆ ಅಂಟಿದ ಮನೆಯ ಕಟ್ಟೆ, ಹಿತ್ತಲು; ಅಲ್ಲಿನ ಮಾತು ನನ್ನ ಕಿವಿಗೆ ಬೀಳುತ್ತದೆ. ನಡುವೆ ಕೆರೆ. ಕೆರೆಯ ಮುಂದೆ ದಟ್ಟ ಜೊಂಡು. ಬಲ ಅಂಚಿನಲ್ಲಿ ಒಂದು ತುಂಡು ಜೋಳದ ಹೊಲ, ಹೊಲದ ತುದಿಗೆ ನೀರಂಚಿನಲ್ಲಿ ಒಂದು ಬನ್ನಿಗಿಡ. ಕೋಳಿಗೂಡೂ ಹೊಲವೂ ಒಬ್ಬಳದೇ. ಅವಳೇ ಫಕೀರವ್ವ ಬಾರಕೇರ. ಕೆರೆಯ ಹಕ್ಕಿ ಕಾಯುವ ದಿನಗೂಲಿ ಕೆಲಸವೂ ಅವಳದೇ. ವಯಸ್ಸು ಅರವತ್ತರ ಹತ್ತಿರ. ಅವಳು ಕೆರೆಗೆ ಬಂದಾಗ ನನ್ನ ಕೆಳಗೆ ನಿಂತು, ಸೆರಗಿನ ಚುಂಗಿನಿಂದ ನನ್ನ ಕಣ್ಣು ಒರೆಸಿ, "ಏನ್ ನೋಡಿದ್ಯೋ ಯಪ್ಪಾ ಇವತ್ತು?" ಎಂದು ಕೇಳುತ್ತಿದ್ದಳು. ಉತ್ತರಕ್ಕೆ ಕಾಯದೆ ಹೋಗುತ್ತಿದ್ದಳು. ಆ ಸೆರಗಿಗೆ ಕೋಳಿಯ ಪುಚ್ಚದ ವಾಸನೆ ಇರುತ್ತಿತ್ತೆಂದು ಜನ ಅನ್ನುವುದನ್ನು ಕೇಳಿದ್ದೇನೆ. ನನಗೆ ಮೂಗಿಲ್ಲ.

ಚಳಿಗಾಲಕ್ಕೆ ಹೆಬ್ಬಾತುಗಳು ಬಂದವು. ಹಿಮಾಲಯ ದಾಟಿ ಬರುವ ಹಕ್ಕಿ. ಬಿಳಿಯ ತಲೆ, ತಲೆಯ ಮೇಲೆ ಎರಡು ಕರಿಯ ಪಟ್ಟೆ. ಹಗಲೆಲ್ಲ ನೀರಿನಲ್ಲಿ ಕೂತು, ಸಂಜೆಯಾದರೆ ಸಾಲುಗಟ್ಟಿ ಹೊಲಗಳ ಕಡೆಗೆ ಮೇವಿಗೆ ಹಾರುತ್ತವೆ. ಬೆಳಿಗ್ಗೆ ತಿರುಗಿ ಬರುತ್ತವೆ.

ಮೊದಲ ವರ್ಷ ವಿಭಾ ತಿಂಗಳಿಗೆರಡು ಸಲ ಬಂದು, ಫಕೀರವ್ವನ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದಳು. ನಾನು ಕಳಿಸಿದ ಚಿತ್ರಗಳನ್ನು ಒಂದೊಂದಾಗಿ ತೋರಿಸುವುದು, ಫಕೀರವ್ವ ಹೆಸರು ಹೇಳುವುದು, ವಿಭಾ ಹಕ್ಕಿಯ ಸುತ್ತ ಚೌಕ ಎಳೆದು ಆ ಹೆಸರು ಬರೆಯುವುದು. ಇದು ನೀರಕಾಗೆ. ಇದು ಬೆಳ್ಳಕ್ಕಿ. ಇದು ಹೆಬ್ಬಾತು. ಜೊಂಡಿನ ಮರೆಯಲ್ಲಿ ಹಕ್ಕಿಯ ಮೈ ಎಂದೂ ಪೂರ್ತಿ ಕಾಣುತ್ತಿರಲಿಲ್ಲ, ಆದ್ದರಿಂದ ತಲೆಗಷ್ಟೇ ಚೌಕ. ಹೀಗೆ ಸಾವಿರಾರು ಚಿತ್ರ ಕಂಡ ಮೇಲೆ ತಂತ್ರಾಂಶವೇ ತಾನಾಗಿ ಹೆಸರು ಹೇಳಲು ಕಲಿಯುತ್ತದೆ ಎಂದು ವಿಭಾ ಬಿಡಿಸಿ ಹೇಳಿದಳು. ಮರುವರ್ಷ ಅದು ಹೇಳಿಯೂ ಹೇಳಿತು. ಫಕೀರವ್ವನ ಹಿಗ್ಗು ನೋಡಬೇಕಿತ್ತು.

"ನಾ ನಾಕನೇತ್ತಕ್ಕ ಸಾಲಿ ಬಿಟ್ಟಾಕಿ," ಎಂದಳು. "ಈಗ ನೋಡು, ಮಷೀನಿಗೆ ಮಾಸ್ತರ್ತಿ."

ಅಂದಿನಿಂದ ಆ ತಂತ್ರಾಂಶಕ್ಕೆ ಅವಳು ಇಟ್ಟ ಹೆಸರು ಶಿಷ್ಯ. ನಾನು ನೋಡುವವನು, ಶಿಷ್ಯ ಹೆಸರಿಡುವವನು. ನಾವಿಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಅವನು ಏನು ಬರೆಯುತ್ತಾನೆಂಬುದು, ಇಲ್ಲಿ ನಿಂತು ಯಾರಾದರೂ ಮೊಬೈಲಿನಲ್ಲಿ ಓದಿದಾಗ ಮಾತ್ರ ನನಗೆ ತಿಳಿಯುತ್ತಿತ್ತು.

ಮೂರನೆಯ ಚಳಿಗಾಲದಲ್ಲಿ ಎಳ್ಳಮಾವಾಸ್ಯೆ ಬಂತು. ಅವತ್ತು ಈ ಸೀಮೆಯವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೈರಿಗೆ ಎಡೆಯಾಗಿ ಅನ್ನದ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಅದಕ್ಕೆ ಮೊದಲು ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ನಿಲ್ಲಿಸಿ ಸುಣ್ಣ ಬಳಿದು ಪಾಂಡವರೆಂದು ಪೂಜೆ ಮಾಡುತ್ತಾರೆ. ಹಿಂದೆ ಒಂದು ಕಲ್ಲು ಒಂಟಿಯಾಗಿ ನಿಲ್ಲುತ್ತದೆ. ಅವನು ಕರ್ಣ, ಅಣ್ಣನಾದರೂ ಸಾಲಿಗೆ ಸೇರದವನು.

ಫಕೀರವ್ವ ಪ್ರತಿ ವರ್ಷ ಸುಣ್ಣದ ಮೇಲೆ ಕೆಮ್ಮಣ್ಣಿನ ಎರಡು ಪಟ್ಟೆ ಎಳೆಯುತ್ತಿದ್ದಳು. ಈ ವರ್ಷ ಕೆಮ್ಮಣ್ಣು ತರುವ ದಿನ್ನೆಗೆ ಯಾರೋ ತಂತಿ ಬೇಲಿ ಹಾಕಿದ್ದರು. ಬರಿಗಲ್ಲಾಗಿ ಬಿಡಲು ಮನಸ್ಸು ಬರಲಿಲ್ಲ. ರೊಟ್ಟಿ ಹಂಚಿನ ಬೆನ್ನಿನ ಮಸಿ ಕೆರೆದು ಎಣ್ಣೆಯಲ್ಲಿ ಕಲೆಸಿ, ಹೆಬ್ಬೆರಳಿನಿಂದ ಒಂದೊಂದು ಕಲ್ಲಿಗೂ ಎರಡೆರಡು ಕರಿಯ ಪಟ್ಟೆ ಎಳೆದಳು. ಹೂ ಏರಿಸಿದಳು, ಚರಗ ಚೆಲ್ಲಿದಳು, ಉಂಡಳು, ಕೈತೊಳೆದು ಬಂದಳು. ನಾನು ಎಲ್ಲವನ್ನೂ ತೆಗೆದೆ. ಸಂಜೆಯ ಬೆಳಕಿನಲ್ಲಿ, ಜೊಂಡಿನ ಸಂದಿನಿಂದ, ಆ ಕಲ್ಲುಗಳ ತಲೆ ಮಾತ್ರ ಕಾಣುತ್ತಿತ್ತು. ಬಿಳಿಯ ತಲೆ. ಎರಡು ಕರಿಯ ಪಟ್ಟೆ.

ಐದನೆಯ ದಿನ ಕೆರೆಯ ಏರಿಯ ಮೇಲೆ ಎರಡು ಹೆಬ್ಬಾತು ಸತ್ತುಬಿದ್ದವು. ಮೇಲೆ ಕರೆಂಟಿನ ತಂತಿ ಹೋಗಿತ್ತು, ಆದರೆ ಅವು ತಂತಿಗೆ ಬಡಿದದ್ದನ್ನು ಯಾರೂ ನೋಡಿರಲಿಲ್ಲ. ಆ ಜಾಗ ನನ್ನ ಚೌಕಟ್ಟಿಗೂ ಸಿಗದು. ಫಕೀರವ್ವನೇ ಕಂಡು ತಿಳಿಸಿದಳು. ಆ ವರ್ಷ ಬೇರೆ ಕಡೆಗಳಲ್ಲಿ ಹಕ್ಕಿಜ್ವರದ ಸುದ್ದಿ ಇತ್ತು. ದನದ ಆಸ್ಪತ್ರೆಯ ನದಾಫ್ ಡಾಕ್ಟರು ಬಂದು, ಸತ್ತ ಹಕ್ಕಿಗಳನ್ನು ಚೀಲದಲ್ಲಿ ಕಟ್ಟಿ ಪರೀಕ್ಷೆಗೆ ಕಳಿಸಿದರು. ಫಲ ಬರಲು ಹದಿನೈದು ದಿನವಾದರೂ ಬೇಕಂತೆ. ಅಲ್ಲಿಯವರೆಗೆ ಕೆರೆಯ ಏರಿ, ದಂಡೆ, ದಂಡೆಯ ಹೊಲ ಎಲ್ಲವೂ ಬಂದ್. ಕೋಳಿ ಸಾಕಿದವರಂತೂ ಆ ಕಡೆ ಕಾಲಿಡಬಾರದು. ಕಾಲಿಗೆ ಅಂಟಿಕೊಂಡು ರೋಗ ಗೂಡಿಗೆ ಬರುತ್ತದೆ.

ಕೆರೆಯ ಮೂಲೆಮೂಲೆ ಬಲ್ಲವಳು ಅವಳೊಬ್ಬಳೇ. ಕೆರೆಗೆ ಹೋಗಬಾರದವಳೂ ಅವಳೇ.

ನದಾಫ್ ಡಾಕ್ಟರು ಕೆಟ್ಟವರಲ್ಲ. ಈ ಕಡೆಯವರೇ, ಸಮಾಧಾನದ ಮನುಷ್ಯ. ಮೇಲಿನವರು ಅವರಿಗೆ ಒಂದು ಮಾತು ಬರೆದು ಕಳಿಸಿದ್ದರು: ಇನ್ನೊಂದು ಹಕ್ಕಿ ಸತ್ತರೆ ಪರೀಕ್ಷೆಯ ಫಲಕ್ಕೆ ಕಾಯಬೇಡಿ, ಸುತ್ತ ಒಂದು ಕಿಲೋಮೀಟರಿನ ಕೋಳಿಗಳನ್ನೆಲ್ಲ ಮುಗಿಸಿ ಹೂಳಿ. ಅದನ್ನು ಅವರು ಫಕೀರವ್ವನ ಕಟ್ಟೆಯ ಮೇಲೆ ಕೂತು, ಎರಡು ಲೋಟ ನೀರು ಕುಡಿದು, ಮೆಲ್ಲಗೆ ಹೇಳಿದರು. ಅವಳ ಗೂಡಿನಲ್ಲಿ ಮೂವತ್ತೊಂದು ಕೋಳಿ. ಎಲ್ಲ ಜವಾರಿ. ಅವಳ ತಾಯಿ ತವರಿನಿಂದ ಬುಟ್ಟಿಯಲ್ಲಿ ಕೊಟ್ಟುಕಳಿಸಿದ ಒಂದು ಹೇಂಟೆಯ ಸಂತಾನ. ಅವುಗಳಲ್ಲಿ ಚುಕ್ಕಿ ಎಂಬ ಹೇಂಟೆ ಅಮಾವಾಸ್ಯೆಗೆ ಆರು ದಿನ ಮೊದಲಿಂದ ಹನ್ನೊಂದು ಮೊಟ್ಟೆಯ ಮೇಲೆ ಕಾವಿಗೆ ಕೂತಿತ್ತು.

ಆಮೇಲೆ ಡಾಕ್ಟರು ಮೊಬೈಲು ತೆಗೆದು, ಧಾರವಾಡದಿಂದ ಬಂದ ಪಟ್ಟಿ ಓದಿದರು. ಶಿಷ್ಯ ಬರೆದ ಪಟ್ಟಿ.

"ಆ ಕಡಿ ದಂಡಿಗೆ ಆರು ಬಾತು ಕುಂತಾವಂತ ಯಕ್ಕಾ. ನಾಕ್ ದಿನಾ ಆತು. ಸಂಜೀಕ ಮೇವಿಗೂ ಹೋಗಂಗಿಲ್ಲ, ಮುಂಜಾನೆ ನೀರಿಗೂ ಇಳಿಯಂಗಿಲ್ಲ. ರೋಗದ ಲಕ್ಷಣ ಅವು."

ನನ್ನೊಳಗಿನ ತಿರುಪೆಲ್ಲ ಸಡಿಲವಾದಂತಾಯಿತು. ಆರು. ನಾನು ಆರು ಹೆಬ್ಬಾತುಗಳ ಚಿತ್ರ ಕಳಿಸಿರಲಿಲ್ಲ. ಆರು ಕಲ್ಲಿನ ಚಿತ್ರ ಕಳಿಸಿದ್ದೆ. ಹುಲಿಗೆವ್ವನ ತುಂಬಿದ ಸೆರಗು ನೆನಪಾಯಿತು. ಇನ್ನೊಮ್ಮೆ ಅದೇ ಆಗುತ್ತಿತ್ತು, ನನ್ನ ಕಣ್ಣಿನಿಂದಲೇ, ಇನ್ನೊಬ್ಬ ಹೆಂಗಸಿಗೆ.

ಡಾಕ್ಟರು ಯಾಕೆ ಕಣ್ಣಾರೆ ನೋಡಲಿಲ್ಲ ಎಂದು ನೀವು ಕೇಳಬಹುದು. ಏರಿಯ ಮೇಲೆ ನಿಂತು ದುರ್ಬೀನು ಹಿಡಿದು ನೋಡಿದರು. ಅಲ್ಲಿಂದ ಜೊಂಡು ಅಡ್ಡ, ಏನೂ ಕಾಣದು. ಆ ಮೂಲೆ ಕಾಣುವುದು ಕಂಬದ ಮೇಲಿನ ನನಗೆ, ಇಲ್ಲವೆ ಹಿತ್ತಲಲ್ಲಿ ನಿಂತು ಎಲ್ಲಿ ನೋಡಬೇಕೆಂದು ಬಲ್ಲವರಿಗೆ. ಶಿಷ್ಯ ಕಳಿಸುವುದೋ ಪೂರ್ತಿ ಚಿತ್ರವಲ್ಲ. ಹಕ್ಕಿ ಎಂದು ತೋರಿದ್ದರ ಸುತ್ತ ಚೌಕ ಎಳೆದು, ಅಷ್ಟನ್ನೇ ಕತ್ತರಿಸಿ ಕಳಿಸುತ್ತಾನೆ. ಉಗುರಿನಷ್ಟು ಚಿತ್ರ. ಬನ್ನಿಗಿಡ ಆ ಚೌಕದ ಆಚೆ. ಹೂವೂ ಆಚೆ. ನೋಡಿದವರಿಗೆ ಬಿಳಿಯ ತಲೆ, ಎರಡು ಪಟ್ಟೆ, ಕೆಳಗೆ ಅಂಕಿ: ನೂರಕ್ಕೆ ತೊಂಬತ್ತನಾಲ್ಕು ಪಾಲು ಹೆಬ್ಬಾತು.

ಫಕೀರವ್ವ ಆರು ಬಾತು ಎಲ್ಲಿವೆ ಎಂದು ಹಿತ್ತಲಲ್ಲಿ ನಿಂತು ಹಗಲೆಲ್ಲ ಹುಡುಕಿದಳು. ಹಣೆಗೆ ಕೈ ಹಚ್ಚಿ, ಕಣ್ಣು ಕಿರಿದು ಮಾಡಿ, ಈ ಕಡೆಯಿಂದ ಆ ಕಡೆಗೆ. ಅವಳ ನೋಟ ಆ ಕಲ್ಲುಗಳ ಮೇಲೆ ಹಾದು ಮುಂದೆ ಹೋಗುತ್ತಿತ್ತು. ಅವು ಅವಳ ಪಾಂಡವರು. ಅವನ್ನು ಅವಳು ಯಾಕೆ ಬಾತೆಂದು ನೋಡಿಯಾಳು? ಕೊನೆಗೆ ಸೆರಗಿನಿಂದ ತನ್ನ ಕಣ್ಣನ್ನೇ ಒರೆಸಿಕೊಂಡಳು.

"ಮಷೀನಿಗೆ ಕಾಣೂದು ನನಗ ಕಾಣವಲ್ದಲ್ಲೋ," ಎಂದು ಅಲ್ಲಿಂದಲೇ ನನ್ನ ಕಡೆಗೆ ನೋಡಿ ಗೊಣಗಿದಳು. "ಪೊರಿ ಬಂತೇನೋ ಕಣ್ಣಿಗೆ."

ಇದನ್ನು ಅವಳು ಬೇರೆ ಯಾರಿಗೂ ಹೇಳಲಿಲ್ಲ. ಕಣ್ಣು ಕಾಣದ ಕಾವಲುಗಾರತಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಆದ್ದರಿಂದ, ನನಗೆ ಆರು ಬಾತು ಕಾಣುತ್ತಿಲ್ಲ ಎಂಬ ಒಂದೇ ಒಂದು ಉಪಯೋಗದ ಮಾತು ಅವಳ ಬಾಯಿಂದ ಹೊರಗೆ ಬೀಳಲಿಲ್ಲ.

ದಿನಾ ಬೆಳಿಗ್ಗೆ ಅವಳು ಮುಖ ತೊಳೆದು, ಬನ್ನಿಗಿಡದ ಕಡೆಗೆ ತಿರುಗಿ ಕೈಮುಗಿಯುತ್ತಿದ್ದಳು. ಆ ಆರು ಬಾತುಗಳಿಗೆ ರೆಕ್ಕೆಯಲ್ಲಿ ಬಲ ಕೊಡಿರಪ್ಪ, ಎದ್ದು ಮೇವಿಗೆ ಹೋಗುವಂತೆ ಮಾಡಿರಪ್ಪ ಎಂದು ಬೇಡಿಕೊಳ್ಳುತ್ತಿದ್ದಳು. ಯಾರನ್ನು ಬೇಡುತ್ತಿದ್ದಳೋ ಅವರೇ ಆ ಆರು. ಅವಳು ಬೇಡುವುದನ್ನು ನಾನು ಚಿತ್ರ ತೆಗೆಯುತ್ತಿದ್ದೆ, ಶಿಷ್ಯ ಆ ಚಿತ್ರದಲ್ಲೂ ಆರು ಹೆಬ್ಬಾತು ಎಣಿಸುತ್ತಿದ್ದ. ಅಷ್ಟು ಹೊತ್ತಿಗೆ ಒಂದು ಕಾಗೆಯಾದರೂ ಹೋಗಿ ಆ ಕಲ್ಲಿನ ನೆತ್ತಿಯ ಮೇಲೆ ಕೂರಬಾರದೇ ಎಂದು ನಾನು ಹಂಬಲಿಸಿದೆ. ಬಾತಿನ ತಲೆಯ ಮೇಲೆ ಕಾಗೆ ಕೂತ ಚಿತ್ರ ಕಂಡರೆ ಯಾರಿಗಾದರೂ ಅನುಮಾನ ಬರಬೇಕು. ಕಾಗೆಗಳೆಲ್ಲ ಬೇರೆಲ್ಲೋ ಇದ್ದವು.

ಊರಿನಲ್ಲಿ ಕೆಲವರು ಕೋಳಿಗಳನ್ನು ಬುಟ್ಟಿಯಲ್ಲಿ ಮುಚ್ಚಿ ಪರವೂರಿನ ನೆಂಟರ ಮನೆಗೆ ಸಾಗಿಸಿದರು. ಫಕೀರವ್ವನ ಮೈದುನ ಗುಡದಪ್ಪನೂ ಬಂದು, ಟಂಟಂ ಗಾಡಿ ಹೊಂದಿಸಿದ್ದೇನೆ, ನಿನ್ನ ಮಗಳ ಊರಿಗೆ ಬಿಟ್ಟುಬರೋಣ ಎಂದ. ಅವಳು ಚುಕ್ಕಿಯ ಮುಂದೆ ನುಚ್ಚು ಇಡುತ್ತಿದ್ದಳು. ತಿರುಗಿ ನೋಡಲಿಲ್ಲ.

"ರೋಗ ಖರೇ ಇದ್ರ, ಆ ಊರಿನ ಕೋಳಿಗೆ ನಾ ಯಾಕ ಒಯ್ದು ಹಚ್ಚಲಿ? ಅಲ್ಲೂ ಯಾವಾಕಿನರ ಒಬ್ಬಾಕಿ ಗೂಡಿನ ಮುಂದ ಕುಂತಿರ್ತಾಳ."

ಗುಡದಪ್ಪ ಮೊಟ್ಟೆಯಾದರೂ ಕೊಡು, ಹುರಿದುಕೊಂಡು ತಿನ್ನೋಣ ಎಂದು ನಗಿಸಲು ನೋಡಿದ.

ಅಮಾವಾಸ್ಯೆ ಕಳೆದ ಹನ್ನೆರಡನೆಯ ದಿನ ಮಧ್ಯಾಹ್ನ ಒಂದು ಮೇಕೆ ಬಂತು. ಕೆರೆ ಬಂದ್ ಆಗಿದೆಯೆಂದು ಮೇಕೆಗೆ ಯಾರೂ ಹೇಳಿರಲಿಲ್ಲ. ಬನ್ನಿಗಿಡದ ಕೆಳಗಿನ ಟೊಂಗೆಗೆ ಬಾಯಿ ಹಾಕಿತು. ಕಲ್ಲಿಗೆ ಬೆನ್ನು ತಿಕ್ಕತೊಡಗಿತು. ಬೇಡ, ಬೇಡ ಎಂದು ನಾನು ಒಳಗೇ ಒದ್ದಾಡಿದೆ. ಅದು ಸುಖವಾಗಿ ಇನ್ನೆರಡು ಸಲ ತಿಕ್ಕಿತು. ಸಾಲಿನ ಕೊನೆಯ ಕಲ್ಲು, ಸಹದೇವ, ಪಕ್ಕಕ್ಕೆ ಉರುಳಿತು. ಮೇಕೆ ಜೊಂಡಿನ ಆಚೆ ಹೋಯಿತು.

ಮೇಕೆಯ ಚಿತ್ರವನ್ನೂ ನಾನು ಕಳಿಸಿದೆ. ಶಿಷ್ಯನಿಗೆ ಮೇಕೆ ಗೊತ್ತಿಲ್ಲ. ಅವನಿಗೆ ಹಕ್ಕಿ ಮಾತ್ರ ಕಲಿಸಿದ್ದರು. ಅವನು ಅದನ್ನು ಬಿಟ್ಟು, ಉಳಿದದ್ದನ್ನು ಬರೆದ. ಹೆಬ್ಬಾತು, ಕೂತದ್ದು ಐದು. ಅಡ್ಡಬಿದ್ದದ್ದು ಒಂದು.

ಸಂಜೆಯೊಳಗೆ ಆದೇಶ ಬಂತು. ನಾಳೆ ಬೆಳಿಗ್ಗೆ ಎಂಟಕ್ಕೆ ತಂಡ ಬರುತ್ತದೆ, ಸತ್ತ ಬಾತನ್ನೂ ಎತ್ತುತ್ತದೆ, ಕೋಳಿಗಳನ್ನೂ ಮುಗಿಸುತ್ತದೆ. ಬೆಳಕಿರುವಾಗಲೇ ಜೆಸಿಬಿ ಬಂದು ಫಕೀರವ್ವನ ಹೊಲದ ಈಚೆಗಿನ ಖಾಲಿ ಜಾಗದಲ್ಲಿ ಗುಂಡಿ ತೋಡಿತು. ಈ ಸಲ ಗುಂಡಿ ನನ್ನ ಚೌಕಟ್ಟಿನ ಒಳಗೇ ಇತ್ತು, ಸರಿಯಾಗಿ ನಡುವೆ. ನನ್ನ ಬ್ಯಾಟರಿ ಆಗ ನೂರಕ್ಕೆ ಒಂಬತ್ತು ಪಾಲು ಉಳಿದಿತ್ತು. ಅದನ್ನು ಬದಲಿಸುವ ಫಕೀರವ್ವ ಕಂಬದ ಹತ್ತಿರ ಬರುವಂತಿರಲಿಲ್ಲ. ಅವಳು ಹಿತ್ತಲಲ್ಲಿ ನಿಂತು ಗುಂಡಿಯ ಆಳ ನೋಡಿದಳು. ಒಳಗೆ ಹೋಗಿ, ಮೂವತ್ತೊಂದು ಕೋಳಿಗೂ ಅಂದು ನುಚ್ಚಿನ ಬದಲು ನೆನೆಸಿದ ಸಜ್ಜೆ ಹಾಕಿದಳು.

ಬೆಳಿಗ್ಗೆ ಏಳೂವರೆಗೆ ಎರಡು ಜೀಪು ಬಂದವು. ತಲೆಯಿಂದ ಕಾಲಿನವರೆಗೆ ಬಿಳಿಯ ಉಡುಪು ತೊಟ್ಟ ನಾಲ್ವರು ಇಳಿದರು. ಅವರಲ್ಲಿ ನದಾಫ್ ಡಾಕ್ಟರೂ ಒಬ್ಬರು. ವಿಭಾ ಕೂಡ ಬಂದಿದ್ದಳು. ಕಣ್ಣು ಕೆಂಪಾಗಿದ್ದವು. ತಾನು ಕಲಿಸಿದ ತಂತ್ರಾಂಶದಿಂದ ಇದೆಲ್ಲ ಆಯಿತೆಂದು ಅವಳಿಗೆ ದುಃಖ, ರೋಗ ಬೇಗ ತಿಳಿಯಿತಲ್ಲ ಎಂದು ಸಮಾಧಾನ, ಎರಡೂ ಕೂಡಿದಂತಿತ್ತು. ಫಕೀರವ್ವನ ಪಕ್ಕದಲ್ಲಿ ಕೂತು ಏನು ಹೇಳುವುದೆಂದು ತೋಚದೆ, ಸತ್ತ ಬಾತನ್ನು ಒಮ್ಮೆ ನೋಡುತ್ತೀರಾ ಎಂದು ಮೊಬೈಲು ಹಿಡಿದಳು. ಉಗುರಿನಷ್ಟು ಚಿತ್ರ. ಬೆರಳಿನಿಂದ ದೊಡ್ಡದು ಮಾಡಿದಳು.

ಫಕೀರವ್ವ ಬಹಳ ಹೊತ್ತು ನೋಡಿದಳು. ಅತ್ತ ಗೂಡಿನ ಬಾಗಿಲಿನ ಹತ್ತಿರ ಬಿಳಿ ಉಡುಪಿನವರು ಚೀಲ ಬಿಚ್ಚುತ್ತಿದ್ದರು.

"ಇದಕ್ಕ ಕಣ್ಣ ಇಲ್ಲಲ್ಲ ತಂಗಿ," ಎಂದಳು.

ಚಿತ್ರ ಮಸುಕಾಗಿದೆ ಅವ್ವಾ ಎಂದಳು ವಿಭಾ.

"ಮಸುಕಿದ್ರೂ ಕಣ್ಣಿರಬೇಕು. ಬಾತು ಸತ್ರೂ ಕಣ್ಣು ಎಲ್ಲಿ ಹೋಗ್ತೈತಿ? ಇಡೀ ಫೋಟೋ ಐತೇನು? ಇಡೀದು ತೋರಸು."

ವಿಭಾ ಪೂರ್ತಿ ಚಿತ್ರ ತೆರೆದಳು. ಎಡಕ್ಕೆ ಕೋಳಿಗೂಡು, ನಡುವೆ ಕೆರೆ, ಬಲಕ್ಕೆ ಬನ್ನಿಗಿಡ. ಬನ್ನಿಗಿಡದ ಕೆಳಗೆ ಆರು ಚೌಕ. ಫಕೀರವ್ವನ ಕೈ ಬಾಯಿಗೆ ಹೋಯಿತು. ಅವಳು ಎದ್ದಳು, ಮತ್ತೆ ಕೂತಳು. ಆಮೇಲೆ ಅಳುವಂಥ ದನಿಯಲ್ಲಿ ಡಾಕ್ಟರನ್ನು ಕರೆದಳು.

"ಡಾಕ್ಟರ್ ಸಾಹೇಬ್ರ, ಸ್ವಲ್ಪ ನಿಲ್ರಿ. ಇವು ಬಾತ ಅಲ್ರಿ. ನಮ್ಮ ಹೊಲದ ಪಾಂಡವರು. ಸುಣ್ಣಾ ಹಚ್ಚಿದಾಕಿ ನಾ, ಮಸಿ ಎಳದಾಕಿ ನಾ."

ಬಿಳಿ ಉಡುಪಿನ ಒಬ್ಬ ನಕ್ಕ. ಕೋಳಿ ಉಳಿಸಿಕೊಳ್ಳಲು ಜನ ಏನೇನೋ ಹೇಳುತ್ತಾರೆ ಎಂದ. ಯಂತ್ರವೇ ತೊಂಬತ್ತನಾಲ್ಕು ಪಾಲು ಎಂದಿದೆ, ಈ ಯಮ್ಮನ ಮಾತು ಕೇಳುತ್ತ ಕೂರಬೇಕೇ ಎಂದು ಚೀಲ ಹಿಡಿದು ಬಾಗಿದ. ಗೂಡಿನೊಳಗೆ ಕೋಳಿಗಳು ಒಮ್ಮೆಲೇ ಕೊರ್ರೆಂದವು. ಚುಕ್ಕಿ ಮಾತ್ರ ಮೊಟ್ಟೆ ಬಿಟ್ಟು ಏಳಲಿಲ್ಲ.

ಫಕೀರವ್ವ ಡಾಕ್ಟರನ್ನೇ ನೋಡುತ್ತ ಹೇಳಿದಳು: "ನನ್ನ ಮಾತು ಬ್ಯಾಡ. ಎಣಿಸ್ರಿ. ಸಾಲಿನ್ಯಾಗ ಐದು, ಹಿಂದ ಒಂದು ಒಬ್ಬಂಟಿ. ಹಂಗ ಕುಂದ್ರೂ ಬಾತು ಯಾ ಊರಾಗ ಅದಾವ್ರಿ?"

ನದಾಫ್ ಡಾಕ್ಟರು ಮೊಬೈಲು ಇಸಿದುಕೊಂಡರು. ಚಿಕ್ಕವರಿದ್ದಾಗ ಗೆಳೆಯರ ಹೊಲದಲ್ಲಿ ಎಳ್ಳಮಾವಾಸ್ಯೆಯ ಬುತ್ತಿ ಉಂಡವರು ಅವರು. ಸಾಲಿನಲ್ಲಿ ಐದು, ಹಿಂದೆ ಒಂದು. ಅವರ ತುಟಿ ಅಲುಗಿತು. ಕರ್ಣ, ಎಂದರು ತಮಗೆ ತಾವೇ.

ಆದರೂ ಆದೇಶ ಆದೇಶವೇ. ತಂಡದವನು ಬಿಡಲಿಲ್ಲ. ಮೇಲಿನವರಿಗೆ ಏನೆಂದು ಬರೆಯುವುದು, ಪ್ರಮಾಣ ಎಲ್ಲಿ ಎಂದ. ಆಗ ಡಾಕ್ಟರು, ನಾನೇ ಹೋಗಿ ಆ ಸತ್ತ ಹಕ್ಕಿಯನ್ನು ಎತ್ತುತ್ತೇನೆ, ಕ್ಯಾಮೆರಾ ಅದನ್ನೂ ಕಳಿಸಲಿ ಎಂದರು. ಮುಖಕ್ಕೆ ಮುಸುಕು ಎಳೆದುಕೊಂಡು ಜೊಂಡಿನ ಬದಿಯಿಂದ ಹೊರಟರು.

ನನ್ನ ಬ್ಯಾಟರಿ ಆಗ ಎರಡು ಪಾಲಿಗೆ ಇಳಿದಿತ್ತು. ಒಂದು ಚಿತ್ರಕ್ಕೆ ಸಾಕೋ ಸಾಲದೋ. ಜೊಂಡು ಗಾಳಿಗೆ ಅಲುಗಿದರೂ ನನ್ನ ಕಣ್ಣು ತಾನಾಗಿ ತೆರೆದುಕೊಳ್ಳುತ್ತದೆ. ಅದೇ ನನ್ನ ಹುಟ್ಟುಗುಣ. ಒಂದು ಬೆಳ್ಳಕ್ಕಿ ಎದ್ದರೂ ಮುಗಿಯಿತು. ಗಾಳಿಯೇ ನಿಲ್ಲು, ಹಕ್ಕಿಗಳೇ ಕೂತಲ್ಲೇ ಕೂತಿರಿ ಎಂದು ನಾನು ಯಾರನ್ನೆಲ್ಲ ಬೇಡಿಕೊಂಡೆನೋ. ಕೊನೆಗೆ ಫಕೀರವ್ವನ ಪಾಂಡವರನ್ನೂ ಬೇಡಿಕೊಂಡೆ. ಡಾಕ್ಟರು ಬನ್ನಿಗಿಡ ತಲುಪಿದರು. ಬಗ್ಗಿದರು. ಎರಡೂ ಕೈಯಿಂದ ಸಹದೇವನನ್ನು ಎತ್ತಿ, ಎದೆಗೆ ಒತ್ತಿಕೊಂಡು, ನನ್ನ ಕಡೆಗೆ ತಿರುಗಿ ನಿಂತರು. ಹಸಿಮಣ್ಣು ಹತ್ತಿದ ಕಲ್ಲಿನ ಬುಡ ನಿಚ್ಚಳವಾಗಿ ಕಂಡಿತು.

ತೆಗೆದೆ. ಕಳಿಸಿದೆ. ನನ್ನ ಕಣ್ಣು ಕತ್ತಲಾಯಿತು.

ಮುಂದಿನದು ಕೇಳಿದ ಮಾತು. ಆ ಚಿತ್ರ ಹೋಗಿ ಮುಟ್ಟಿತಂತೆ. ಶಿಷ್ಯ ಅದರಲ್ಲೂ ಹೆಬ್ಬಾತು ಆರು ಎಂದೇ ಬರೆದನಂತೆ. ಬಿಳಿ ಉಡುಪಿನ ಡಾಕ್ಟರಿಗೂ ಒಂದು ಚೌಕ ಎಳೆದು, ಬೆಳ್ಳಕ್ಕಿ ಒಂದು ಎಂದನಂತೆ. ಅದನ್ನು ಓದಿದ ಮೇಲೆ ತಂಡದವನು ಚೀಲ ಮಡಚಿದನಂತೆ. ಮೂರನೆಯ ಹಕ್ಕಿ ಸತ್ತಿಲ್ಲ ಎಂದು ಡಾಕ್ಟರು ಮೇಲಿನವರಿಗೆ ಬರೆದರು.

ಹಾಗೆಂದು ಭಯ ಅಲ್ಲಿಗೇ ತೀರಲಿಲ್ಲ. ಮೊದಲಿನ ಎರಡು ಹಕ್ಕಿ ಸತ್ತದ್ದಂತೂ ನಿಜ. ಪರೀಕ್ಷೆಯ ಫಲ ಬರುವವರೆಗೆ ಗೂಡು ಮುಚ್ಚಿಯೇ ಇತ್ತು, ಗುಂಡಿ ತೆರೆದೇ ಇತ್ತು. ಅಷ್ಟರಲ್ಲಿ ಚುಕ್ಕಿಯ ಹನ್ನೊಂದು ಮೊಟ್ಟೆಗಳಲ್ಲಿ ಒಂಬತ್ತು ಒಡೆದು ಮರಿಯಾದವು. ಆ ಮರಿಗಳನ್ನು ಕೈಯಲ್ಲಿ ಎತ್ತಿಕೊಳ್ಳಲು ಫಕೀರವ್ವ ಹೆದರಿದಳು. ಎತ್ತಿಕೊಂಡರೆ ಪ್ರೀತಿ ಹುಟ್ಟುತ್ತದೆ, ಫಲ ಏನು ಬರುವುದೋ ಎಂದು ದೂರದಿಂದಲೇ ನುಚ್ಚು ಚೆಲ್ಲಿದಳು. ಅದಾದ ಐದು ದಿನಕ್ಕೆ ಫಲ ಬಂತು. ರೋಗವಿಲ್ಲ, ಕರೆಂಟು ಹೊಡೆದು ಸತ್ತ ಹಕ್ಕಿಗಳು. ಆಗ ಅವಳು ಮೊದಲು ಎತ್ತಿಕೊಂಡದ್ದು ಒಂಬತ್ತರಲ್ಲಿ ತೀರ ಸಣ್ಣದನ್ನು.

ವಿಭಾ ತಂತ್ರಾಂಶದ ಪರವಾಗಿ ಕ್ಷಮೆ ಕೇಳಿದಾಗ ಫಕೀರವ್ವ ತಲೆಯಲ್ಲಾಡಿಸಿದಳು. ನನಗೆ ಹೊಸ ಬ್ಯಾಟರಿ ಹಾಕಿದ್ದ ದಿನ ಅದು, ಆ ಮಾತು ನಾನೇ ಕೇಳಿದ್ದೇನೆ.

"ಅವನ್ನ ಬೈಬ್ಯಾಡ. ನಾ ಹೇಳಿಕೊಟ್ಟದ್ದನ್ನ ಅವ ಬರೋಬ್ಬರಿ ಕಲ್ತಾನ. ಬಾತಿನ ತಲಿ ತೋರಿಸಿದೆ, ಕಲ್ಲು ಹೆಂಗಿರತೈತಿ ಅಂತ ತೋರಿಸಲಿಲ್ಲ. ಗೊತ್ತಾಗಲಿಲ್ಲಂದ್ರ ಗೊತ್ತಾಗಲಿಲ್ಲ ಅನ್ನೂದನ್ನೂ ಕಲಿಸಲಿಲ್ಲ."

ಆ ಬೇಸಿಗೆ ಅವಳು ಗದಗಿಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದಳು. ಅವಳ ಕಣ್ಣಿಗೆ ಪೊರೆ ಬಂದಿರಲಿಲ್ಲ. ಬಂದದ್ದು ನನಗೆ. ಎರಡು ಮಳೆಗಾಲದ ತೇವ ಒಳಗೆ ಇಳಿದು, ನನ್ನ ಗಾಜಿನ ಹಿಂದೆ ಹಾಲಿನಂಥ ಮಸುಕು ಕೂತಿತು. ನಾನು ಕಳಿಸಿದ ಚಿತ್ರಗಳಲ್ಲಿ ಕೆರೆಯೂ ಆಕಾಶವೂ ಒಂದಾದವು. ವಿಭಾ ಹೊಸ ಕ್ಯಾಮೆರಾ ತಂದು ಕಂಬಕ್ಕೆ ಕಟ್ಟಿದಳು. ನನ್ನನ್ನು ಒಯ್ಯಲು ಬಂದಾಗ ಫಕೀರವ್ವ, ಇದನ್ನು ಇಲ್ಲೇ ಬಿಡು ಎಂದಳು.

ಈಗ ನಾನು ಕೋಳಿಗೂಡಿನ ಗೋಡೆಯ ಗೂಡಿನಲ್ಲಿ ಇದ್ದೇನೆ. ಇಷ್ಟು ವರ್ಷ ನನ್ನ ಚೌಕಟ್ಟಿನ ಎಡ ಅಂಚಾಗಿದ್ದ ಜಾಗ. ಹುಂಜವೊಂದು ನನ್ನ ನೆತ್ತಿಯ ಮೇಲೆ ಕೂರುವುದನ್ನು ರೂಢಿ ಮಾಡಿಕೊಂಡಿದೆ. ಬ್ಯಾಟರಿ ಯಾವಾಗಲೋ ತೆಗೆದುಬಿಟ್ಟಿದ್ದಾರೆ, ಆದರೂ ಯಾಕೋ ಕಿವಿಯೊಂದು ಕೆಲಸ ಮಾಡುತ್ತದೆ. ಎಳ್ಳಮಾವಾಸ್ಯೆಗೆ ಫಕೀರವ್ವ ಈಗಲೂ ಕಲ್ಲಿಗೆ ಸುಣ್ಣ ಬಳಿಯುತ್ತಾಳೆ. ಕೆಮ್ಮಣ್ಣು ಸಿಗದ ವರ್ಷ ಬರಿಯ ಸುಣ್ಣಕ್ಕೇ ಬಿಡುತ್ತಾಳೆ. ವಿಭಾ ಬಂದಾಗ ಮೊದಲು ಕೇಳುವುದು ಒಂದೇ ಮಾತು, ಇಡೀದು ತೋರಸು. ಹುಲಿಗೆವ್ವನ ಚಿತ್ರ ನೋಡಿದ ದಿನ ಹೀಗೆ ಕೇಳುವವರು ಒಬ್ಬರಿದ್ದಿದ್ದರೆ ಎಂದು ನನಗೆ ಆಗೀಗ ಅನ್ನಿಸುತ್ತದೆ. ಅವಳು ಈಗ ಎಲ್ಲಿದ್ದಾಳೋ.

ಜೆಸಿಬಿ ತೋಡಿದ ಗುಂಡಿಯನ್ನು ಯಾರೂ ಮುಚ್ಚಲಿಲ್ಲ. ಮಳೆಗೆ ತುಂಬಿತು. ಅದರಲ್ಲಿ ಗುಳುಮುಳುಕ ಹಕ್ಕಿ ಎರಡು ಬಂದು ಮುಳುಗೇಳುತ್ತವೆಂದು ಹೊಸ ಕ್ಯಾಮೆರಾದ ಚಿತ್ರ ನೋಡಿ ಶಿಷ್ಯ ಬರೆದಿದ್ದಾನಂತೆ. ಇರಬಹುದು. ನಾನು ನೋಡಿಲ್ಲ, ಹೌದೆನ್ನಲೂ ಇಲ್ಲವೆನ್ನಲೂ ನನಗೆ ಧೈರ್ಯವಿಲ್ಲ.

ಕೋಳಿ ಎಷ್ಟೆಂದು ಅವನು ಬರೆಯುವುದಿಲ್ಲ. ಅದನ್ನು ಫಕೀರವ್ವ ಪ್ರತಿ ಸಂಜೆ ಬಾಗಿಲಲ್ಲಿ ನಿಂತು, ಒಂದೊಂದರ ಬೆನ್ನು ಮುಟ್ಟಿ, ಬಾಯಿಬಿಟ್ಟು ಎಣಿಸುತ್ತಾಳೆ. ನಾನೂ ಅವಳೊಂದಿಗೆ ಎಣಿಸುತ್ತೇನೆ. ಕೊನೆಯದು ಒಳಗೆ ಬಂದು ಬಾಗಿಲಿನ ಚಿಲಕ ಬೀಳುವವರೆಗೆ ಇಬ್ಬರಿಗೂ ಉಸಿರಿರುವುದಿಲ್ಲ.